ಸೊಸೆ ಮರೆತ ಕೊಡೆ

ಸಭಾಂಗಣದ ಮ್ಯಾನೇಜರು ಫೋನಿನಲ್ಲಿ ಹೇಳಿದ್ದು ಇಷ್ಟೇ: ಈ ಸಲ ಪಿಯಾನೋ ಶ್ರುತಿ ಮಾಡಲು ಸೊಸೆಯನ್ನೇ ಕಳಿಸಿ, ಅವರ ಹತ್ತಿರ ಯಂತ್ರ ಇದೆಯಂತಲ್ಲ. ಅಷ್ಟು ಸಾಕಾಯಿತು. ಅಂದಿನಿಂದ ಶ್ರುತಿಯಣ್ಣ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಊಟದ ತಟ್ಟೆಯ ಮುಂದೆಯೂ ಮೇಜು ಕುಟ್ಟುತ್ತಿದ್ದರು.

ಊರಿಗೆಲ್ಲ ಅವರು ಶ್ರುತಿಯಣ್ಣ. ಸ್ವಂತ ಹೆಸರು ಅಂಚೆಯವನಿಗಷ್ಟೇ ಗೊತ್ತು. ಪಿಯಾನೋದಲ್ಲಿ ಬಹುಪಾಲು ಸ್ವರಗಳಿಗೆ ಮೂರು ಮೂರು ತಂತಿ. ಅವು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ನಾದ ತೂಗಾಡುತ್ತದೆ. ಆ ತೂಗಾಟ ಕೇಳುತ್ತಾ, ಅದು ನಿಲ್ಲುವವರೆಗೆ ತಂತಿ ಬಿಗಿಯುವ ಕೀಲಿ ತಿರುಗಿಸಬೇಕು. ಹೇಳುವುದಕ್ಕೆ ಇಷ್ಟೇ, ಕಲಿಯಹೋದರೆ ಅರ್ಧ ಆಯುಸ್ಸು ಬೇಕು. ಮಗನಿಗೆ ಕಲಿಸಹೋಗಿ ಕೈಸೋತರು. ಆ ಪುಣ್ಯಾತ್ಮನಿಗೆ ಸ್ವರವೂ ಒಂದೇ, ಬಾಗಿಲು ಕಿರುಗುಟ್ಟುವುದೂ ಒಂದೇ. ಕಲಿತವಳು ಸೊಸೆ. ಚೆನ್ನಾಗಿಯೇ ಕಲಿತಳು, ಆಮೇಲೆ ಒಂದು ಡಬ್ಬಿ ಕೊಂಡು ತಂದಳು. ತಂತಿ ತಪ್ಪಿದ್ದರೆ ಅದರಲ್ಲಿ ಕೆಂಪು ದೀಪ, ಸರಿಯಾದರೆ ಹಸಿರು. ಕಣ್ಣಿನಿಂದ ಶ್ರುತಿ ಮಾಡುವುದಾದರೆ ಮೂಗಿನಿಂದ ಊಟ ಮಾಡಬಹುದು ಎಂದು ಮಾವ ಗೊಣಗಿದ್ದರು.

ಸೊಸೆಯ ಮೇಲೆ ಅವರದು ಇನ್ನೊಂದು ದೂರು, ಮರೆವು. ಮಾವನ ಜೊತೆ ಹೋದ ಮನೆಯಲ್ಲೆಲ್ಲ ಏನಾದರೊಂದು ಬಿಟ್ಟು ಬರುವಳು. ಇವತ್ತು ಕೊಡೆ, ನಾಳೆ ಕರ್ಚೀಫು. ಬೀದಿ ತಿರುವಿಗೆ ಬಂದ ಮೇಲೆ ನೆನಪಾಗುವುದು, 'ನೀವು ನಡೀತಾ ಇರಿ ಮಾವ' ಎಂದು ಚೀಲ ಎತ್ತಿಕೊಂಡು ಹಿಂದಕ್ಕೆ ಓಡುವುದು. ಹೋದವಳು ಬೇಗ ಬಂದರೆ ಕೇಳಿ. ಅವರಿಗೆ ಬೈದು ಬೈದು ಸಾಕಾಗಿತ್ತು.

ಅದು ಸಾಲದೆಂಬಂತೆ, ವರ್ಷದಿಂದೀಚೆಗೆ ಊರಿನ ಪಿಯಾನೋಗಳೆಲ್ಲ ಮಾತಾಡಿಕೊಂಡಂತೆ ಒಟ್ಟಿಗೆ ಮುದಿಯಾಗಿದ್ದವು. ಬಲತುದಿಯ ಸಣ್ಣ ಸ್ವರಗಳು ಮಂಕೋ ಮಂಕು. ಒಳಗಿನ ಸುತ್ತಿಗೆಯ ಉಣ್ಣೆ ಸವೆದಿದೆ ಎಂದು ಮನೆಯವರಿಗೆ ಗದರಿಸಿ ಹೇಳಿ, ಕೈ ಅಭ್ಯಾಸದ ಮೇಲೆ ಕೀಲಿ ತಿರುಗಿಸಿ ಬರುತ್ತಿದ್ದರು.

ಸಂಗೀತ ಕಛೇರಿಯ ದಿನ ಬೆಳಿಗ್ಗೆ ಸೊಸೆಗಿಂತ ಮೊದಲೇ ಚಪ್ಪಲಿ ಮೆಟ್ಟಿ ನಿಂತರು.

"ಆ ಡಬ್ಬಿ ಚೀಲದಿಂದ ಹೊರಗೆ ತೆಗೆದ್ರೆ ನೋಡು. ಈ ಸಭಾಂಗಣನೂ ಕೈಬಿಟ್ಟು ಹೋದ್ರೆ ಇನ್ಯಾರು ನನ್ನ ಕರೀತಾರೆ? ಮನೇಲಿ ಕೂತು ನೊಣ ಹೊಡೀಲಾ?"

ಅವಳು ಕೊಡೆ, ಚೀಲ ಹಿಡಿದು ಹಿಂದೆ ನಡೆದಳು.

ಸಭಾಂಗಣದ ಪಿಯಾನೋ ಹೊಚ್ಚ ಹೊಸದು, ಬಂದು ತಿಂಗಳೂ ಆಗಿರಲಿಲ್ಲ. ನಡುವಿನ ಸ್ವರಗಳನ್ನು ಕೂಡಿಸುವಾಗ ಶ್ರುತಿಯಣ್ಣನ ಮುಖ ಅರಳಿತು. ತೂಗಾಟ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. ಕುರ್ಚಿ ಜೋಡಿಸುತ್ತಿದ್ದವರೂ ಒಂದು ಗಳಿಗೆ ಕೈ ನಿಲ್ಲಿಸಿ ಕೇಳಿದರು. ಎಡಗಡೆಯ ದಪ್ಪ ಸ್ವರಗಳೂ ಸುಸೂತ್ರ. ಆಮೇಲೆ ಬಲತುದಿಗೆ ಬಂದರು. ಕೊನೆಯ ಮಣೆ ಒತ್ತಿದರೆ ಟಕ್ ಎಂದು ಮರದ ಸದ್ದು, ಅಷ್ಟೇ. ಮತ್ತೆ ಒತ್ತಿದರು. ಟಕ್. ಪಕ್ಕದ್ದೂ ಹಾಗೇ.

ತಂತಿ ತುಂಡಾಗಿದೆ ಎಂದು ರೇಗಿದರು. ಹೊಸ ಪಿಯಾನೋ ಅಂತೆ ಹೊಸ ಪಿಯಾನೋ, ಮಾರಿದವನ ಮನೆ ಹಾಳಾಗ. ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ಮೂರೂ ತಂತಿ ಗಟ್ಟಿಮುಟ್ಟಾಗಿ ಹೊಳೆಯುತ್ತಿದ್ದವು. ಒತ್ತು ಅಂದರು ಸೊಸೆಗೆ. ಸುತ್ತಿಗೆ ಎದ್ದು ತಂತಿಗೆ ಬಡಿಯಿತು. ಬೆರಳ ತುದಿ ತಾಗಿಸಿದರು. ತಂತಿ ಜುಮ್ಮೆಂದು ನಡುಗುತ್ತಿತ್ತು.

"ನಿಂಗೆ ಕೇಳಿಸ್ತಿದೆಯಾ?"

"ಹೂಂ ಮಾವ," ಎಂದಳು, ತಲೆ ಎತ್ತದೆ.

ಅವಳ ಮುಖದಲ್ಲಿ ಒಂದಿಷ್ಟೂ ಆಶ್ಚರ್ಯವಿರಲಿಲ್ಲ. ಅದೇ ಅವರನ್ನು ಚುಚ್ಚಿದ್ದು. ಆಗ ಕೊಡೆ ನೆನಪಾಯಿತು, ಕರ್ಚೀಫು ನೆನಪಾಯಿತು, ಬೀದಿ ತಿರುವುಗಳೆಲ್ಲ ನೆನಪಾದವು. ಒಬ್ಬಳೇ ಕೆಲಸಕ್ಕೆ ಹೋದ ಮನೆಗಳಲ್ಲಿ ಅವಳು ಒಂದು ಗುಂಡುಸೂಜಿಯನ್ನೂ ಮರೆತು ಬಂದವಳಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ವರ್ಷವಿಡೀ ಊರಿನ ಪಿಯಾನೋಗಳನ್ನು ಬೈದ ಮನುಷ್ಯ ಈಗ ಯಾವುದನ್ನು ಬೈಯಬೇಕು? ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು. ವೇದಿಕೆಯ ಮೇಲೆ ಆ ತುದಿಯಿಂದ ಈ ತುದಿಗೆ ಸುಮ್ಮನೆ ಓಡಾಡಿದರು.

ಮ್ಯಾನೇಜರು ಇಣುಕಿ, ಆಯಿತೇ ಎಂದು ಕೇಳಿದರು. ಶ್ರುತಿಯಣ್ಣ ಆಯಿತು ಎಂದರು. ಕೀಲಿ ಒರೆಸಿ ಪೆಟ್ಟಿಗೆಗೆ ಹಾಕಿ ಹೊರಟೇಬಿಟ್ಟರು. ಸೊಸೆ ಹಿಂದೆ ಹಿಂದೆ ಬಂದಳು. ಬೀದಿ ತಿರುವು ಬಂದರೂ ಅವಳಿಗೆ ಏನೂ ನೆನಪಾಗಲಿಲ್ಲ. ಇವತ್ತು ಮರೆಯುವ ಧೈರ್ಯ ಅವಳಿಗಿರಲಿಲ್ಲ.

ಶ್ರುತಿಯಣ್ಣ ನಿಂತರು.

"ಕೊಡೆ ಅಲ್ಲೇ ಬಿಟ್ಟು ಬಂದಿದೀಯಲ್ಲ. ಹೋಗಿ ತಗೊಂಡು ಬಾ."

ಅವಳು ತನ್ನ ಕೈಯಲ್ಲಿದ್ದ ಕೊಡೆಯನ್ನು ನೋಡಿಕೊಂಡಳು. ಅವರೇ ಅದನ್ನು ಇಸಿದುಕೊಂಡು ಕಂಕುಳಲ್ಲಿ ಇರುಕಿದರು.

"ಅವಸರ ಮಾಡ್ಬೇಡ. ನಾನು ಇಲ್ಲೇ ಇರ್ತೀನಿ."

ಸೊಸೆ ಚೀಲ ಹೆಗಲಿಗೇರಿಸಿ ಸಭಾಂಗಣದ ಕಡೆ ತಿರುಗಿದಳು. ಅವಳು ಬರುವವರೆಗೂ ಶ್ರುತಿಯಣ್ಣ ಆ ತಿರುವಿನಲ್ಲಿ, ಮಳೆಯಿಲ್ಲ ಬಿಸಿಲಿಲ್ಲ, ಕೊಡೆ ಬಿಚ್ಚುತ್ತ ಮಡಿಸುತ್ತ ಶತಪಥ ಹಾಕಿದರು.