ಇಬ್ಬರನ್ನೂ ಒಂದೇ ಊಟಕ್ಕೆ ಕರೆದ ಓಬ್ದುಲಿಯಾ

ಚುನಾವಣೆ ಬಂತೆಂದರೆ ಸಾಕು, ಟೆಕ್ಸಸ್ಸಿನ ಈ ಗಡಿಸೀಮೆಯಲ್ಲಿ ಸ್ಪ್ಯಾನಿಷ್ ಮಾತಾಡುವ ನಮ್ಮ ಮೇಲೆ ಎಲ್ಲರಿಗೂ ಎಲ್ಲಿಲ್ಲದ ಪ್ರೀತಿ ಉಕ್ಕುತ್ತದೆ. ನಮ್ಮ ವೋಟು ಬಿದ್ದವನೇ ರಾಜ್ಯದ ಶಾಸನಸಭೆಗೆ ಹೋಗುವುದು. ಆ ವರ್ಷ ನಿಂತವರು ಇಬ್ಬರು. ಬಿಳಿಯ ಸಾಹುಕಾರ ಕ್ಲೇ ಹಚಿನ್ಸ್, ಸಾವಿರಾರು ದನಗಳ ಒಡೆಯ. ಇನ್ನೊಬ್ಬ ಕಂಟ್ರಾಕ್ಟರ್ ರೆನೆ ಬಸಲ್ದುವಾ, ನಮ್ಮವನೇ. ಆದರೆ ತಾನು ನಮ್ಮವನೆಂದು ಆ ಮಹಾಶಯನಿಗೆ ನೆನಪಾಗುವುದು ವೋಟಿನ ಹೊತ್ತಿಗೆ ಮಾತ್ರ.

ನನ್ನ ಪಕ್ಕದ ಮನೆಯ ಓಬ್ದುಲಿಯಾಳನ್ನು ಇಬ್ಬರೂ ಓಲೈಸುತ್ತಿದ್ದರು. ಈರುಳ್ಳಿ ಶೆಡ್ಡಿನಲ್ಲಿ ದುಡಿದು ಮುದುಕಿಯಾದವಳು. ವೋಟಿನ ದಿನ ಕೇರಿಯ ಮುದುಕರನ್ನೆಲ್ಲ ತನ್ನ ಹಳೇ ವ್ಯಾನಿನಲ್ಲಿ ತುಂಬಿಕೊಂಡು ಹೋಗುವವಳು ಅವಳೇ. ಆದರೆ ಅವಳಿಗೆ ಬೇಕಾಗಿದ್ದದ್ದು ಒಂದೇ, ರಸ್ತೆ. ಗಂಡ ಎಲೆಯುತೇರಿಯೋನ ಕಿಡ್ನಿ ಎರಡೂ ಹೋಗಿದ್ದವು, ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಆಸ್ಪತ್ರೆಗೆ ಹೋಗಲೇಬೇಕು. ಮಳೆ ಬಂದರೆ ಆಸ್ಪತ್ರೆಯ ಗಾಡಿ ನಮ್ಮ ಕೆಸರಿಗೆ ಇಳಿಯುತ್ತಿರಲಿಲ್ಲ. ಹೆದ್ದಾರಿಯವರೆಗೆ ಅವನನ್ನು ಹೊತ್ತೇ ಒಯ್ಯಬೇಕು. ಒಮ್ಮೆ ಮೊಣಕಾಲುದ್ದ ನೀರು ನಿಂತು ಅದೂ ಆಗದೆ, ಮನುಷ್ಯ ಸತ್ತು ಬದುಕಿದ.

"ಒಬ್ಬೊಬ್ರೇ ಬಂದು ಮಾತು ಕೊಡ್ತಾರೆ, ಹೋಗ್ತಾ ದಾರೀಲೇ ಮರೀತಾರೆ," ಅಂದಳು ನನಗೆ. "ಈ ಸಲ ಇಬ್ಬರನ್ನೂ ಒಂದೇ ಊಟಕ್ಕೆ ಕೂರಿಸ್ತೀನಿ."

"ಹುಚ್ಚು ಹಿಡಿದಿದೆಯೇನೇ ನಿಂಗೆ?" ಅಂದೆ.

ಭಾನುವಾರ ಅಂಗಳದಲ್ಲಿ ಮಾಂಸ ಸುಡುತ್ತಿತ್ತು. ಒಬ್ಬರ ವಿಷಯ ಒಬ್ಬರಿಗೆ ಗೊತ್ತಿಲ್ಲದೆ ಇಬ್ಬರೂ ಬಂದರು, ತಂತಮ್ಮ ವಾದ್ಯದವರನ್ನು ಕಟ್ಟಿಕೊಂಡು. ಎರಡು ಮೇಳ, ಎರಡು ಹಾಡು, ದೇವರಿಗೇ ಪ್ರೀತಿ.

"ಅಕ್ಕಾ, ಏನಿದು? ನಾನು ನಿಮ್ಮೋನಲ್ವಾ?" ಅಂದ ಬಸಲ್ದುವಾ.

"ನಮ್ಮೋನೇ ಕಣಪ್ಪ. ಅದಕ್ಕೇ ಮೊದಲ ತಟ್ಟೆ ನಿಂಗೆ ಕೊಟ್ಟಿದ್ದು."

ಹಚಿನ್ಸ್ ತನ್ನ ಹರಕುಮುರುಕು ಸ್ಪ್ಯಾನಿಷ್‌ನಲ್ಲಿ, "ಅಮ್ಮಾ, ನಮ್ಮನೆ ಅಡುಗೆಯವಳೂ ಮೆಕ್ಸಿಕೋದವಳೇ," ಅಂದ.

"ಸಂತೋಷ ಸ್ವಾಮಿ. ಅವಳ ಸಂಬಳ ಜಾಸ್ತಿ ಮಾಡಿ. ಈಗ ರಸ್ತೆ ವಿಷಯಕ್ಕೆ ಬನ್ನಿ." ನಾವೆಲ್ಲ ನಕ್ಕೆವು, ಅವಳು ನಗಲಿಲ್ಲ. "ಗೆದ್ದೋರು ರಸ್ತೆ ಮಾಡಿಸ್ಬೇಕು. ಸೋತೋರು ಬಿಡದೆ ಕೇಳ್ತಾ ಇರ್ಬೇಕು. ಇಬ್ಬರೂ ಎಲ್ಲರೆದುರು ಒಪ್ಕೊಳ್ಳಿ."

ಬಾಯಲ್ಲಿ ಮಾಂಸ, ಎದುರಿಗೆ ಎದುರಾಳಿ. ಒಪ್ಪದೆ ಏನು ಮಾಡಿಯಾರು?

ಹಚಿನ್ಸ್ ಕೂದಲೆಳೆಯಲ್ಲಿ ಗೆದ್ದ. ಕ್ರಿಸ್‌ಮಸ್ ಕಳೆದರೂ ಸುದ್ದಿಯಿಲ್ಲ. "ನಿನ್ನ ಮೂಗಿಗೆ ತುಪ್ಪ ಸವರಿದ ನೋಡು," ಅಂತ ನಾನೇ ಚುಚ್ಚಿದೆ.

ಸೋತ ಬಸಲ್ದುವಾಗೆ ಇನ್ನೊಮ್ಮೆ ನಿಲ್ಲುವ ಆಸೆ ಹೋಗಿರಲಿಲ್ಲ. ಪತ್ರಿಕೆಯವರನ್ನು ಕರೆತಂದು, ನಮ್ಮ ಕೆಸರಲ್ಲೇ ನಿಂತು, ರಸ್ತೆಯೆಲ್ಲಿ ಎಂದು ಕೇಳಿದ. ಆಮೇಲೆ ತಿಂಗಳು ತಿಂಗಳೂ ಬಂದ. ಹಚಿನ್ಸನಿಗೆ ಉರಿ ಹತ್ತಿತು. ಅಳತೆಯವರು ಬಂದರು, ರಾಜ್ಯದ ಹಣ ಬಂತು, ಬೇಸಿಗೆಯಲ್ಲಿ ಡಾಂಬರೂ ಬಂತು.

ಸೆಪ್ಟೆಂಬರಿನಲ್ಲಿ ಮಳೆ ಹೊಡೆಯಿತು. ಆಸ್ಪತ್ರೆಯ ಗಾಡಿ ಸೀದಾ ಬಾಗಿಲಿಗೇ ಬಂತು. ಎಲೆಯುತೇರಿಯೋ ಕೋಲೂರಿಕೊಂಡು ತಾನೇ ನಡೆದು ಹೋಗಿ ಹತ್ತಿ ಕೂತ. ಅಷ್ಟು ವರ್ಷ ಊರವರ ಹೆಗಲ ಮೇಲೆ ಹೋಗುವಾಗ ಒಂದು ಹನಿ ಕಣ್ಣೀರು ಹಾಕಿರದ ಗಂಡಸು, ಅವತ್ತು ಬಿಕ್ಕಿ ಬಿಕ್ಕಿ ಅತ್ತ.

"ಸಾಕು ಸುಮ್ನಿರಿ, ಡ್ರೈವರು ಏನಂದ್ಕೊಂಡಾನು," ಎಂದು ಗದರುತ್ತಲೇ ಓಬ್ದುಲಿಯಾ ಅವನ ಪಕ್ಕ ಹತ್ತಿ ಕೂತಳು.