ದುಂಬಿ ಕುದುರಿಸಿದ ಸಂಬಂಧ

ನಮ್ಮ ಬೇವಿನ ಮರಕ್ಕೆ ಕಟ್ಟಿದ್ದ ಆರ್ಕಿಡ್ ಹೂವಿನಿಂದ ನಮ್ಮ ಮನೆಯ ತೊಲೆ ಕೊರೆದು ಗೂಡು ಮಾಡಿದ್ದ ಕರಿ ದುಂಬಿ ಹೊರಬಂದಾಗ, ಹಳದಿ ಪರಾಗದ ಮುದ್ದೆ ಅದರ ಹಣೆಗೆ ಗಂಧದ ಬೊಟ್ಟಿನಂತೆ ಅಂಟಿತ್ತು. ಅದು ಗೋಡೆ ದಾಟಿ ನೇರ ಪಕ್ಕದ ಮನೆಯ ಗಂಗಕ್ಕನವರ ಆರ್ಕಿಡ್‌ಗೆ ನುಗ್ಗಿತು. ಜಮಖಂಡಿ ಮುಂಬಯಿ ರಾಜ್ಯದಲ್ಲಿದ್ದ ಕಾಲವದು. ಖಾನಾಪುರದ ಕಾಡಿನಿಂದ ಎರಡೂ ಗಿಡಗಳನ್ನು ನಾನೇ ತಂದಿದ್ದೆ.

ಶುಕ್ರವಾರದ ಪೂಜೆಗೆಂದು ಅವರು ಕಾದಿಟ್ಟಿದ್ದ ಆ ಹೂವು ಮರುದಿನವೇ ಬಾಡಿತು. ಗಂಗಕ್ಕ ಗೋಡೆಯಾಚೆಯಿಂದ ಕೂಗಿದರು: "ಮಾಸ್ತರ, ನಿಮ್ಮ ತೊಲಿಯಾಗಿನ ದುಂಬಿ ನನ್ನ ಹೂವು ಕೆಡಿಸೇತ್ರಿ! ಅದರ ತೂತಿಗೆ ಇವತ್ತ ಡಾಂಬರ ಬಡೀರಿ!"

"ಕೆಡಿಸಿಲ್ರಿ ಅಕ್ಕಾರ, ಗಿಡ ಬಸುರಾಗೇತಿ. ಸ್ವಲ್ಪ ತಡೀರಿ. ಕಾಯಿ ಕಟ್ಟಲಿಲ್ಲಂದ್ರ ನಾನ ಬಡೀತೀನಿ."

ಮಾತು ಕೊಟ್ಟ ಮೇಲೆ ದುಂಬಿಯ ಜೀವ ಆ ಕಾಯಿಯ ಮೇಲೆ ನಿಂತಿತು. ದಿನವೂ ಸ್ನಾನ ಮುಗಿಸಿ ಗೋಡೆಯಾಚೆ ಇಣುಕುತ್ತಿದ್ದೆ. ಕಡೆಗೊಂದು ಮುಂಜಾನೆ, ಬಾಡಿದ ಹೂವಿನ ಹಿಂದೆ ಹಸಿರು ಕಾಯಿ ಉಬ್ಬಿ ನಿಂತಿತ್ತು. ಗಂಗಕ್ಕ ಸೊಂಟದ ಮೇಲೆ ಕೈಯಿಟ್ಟು ಕೇಳಿದರು: "ಬೀಗರ, ನಮ್ಮ ಹುಡುಗಿ ಕುಬಸಕ್ಕ ಹಸರು ಬಳಿ ಎಲ್ಲಿ?"

ಸೀಮಂತದ ಹಸಿರು ಬಳೆ ತಂದು ಗಿಡಕ್ಕೆ ಕಟ್ಟಿದೆ. ಮನೆಯಲ್ಲಿ ಒಂದು ಮೊಳೆ ಸೊಟ್ಟಗಿದ್ದರೂ ಸಹಿಸದ ನಾನು ತೊಲೆಯ ಆ ತೂತನ್ನು ಮಾತ್ರ ಇಂದಿಗೂ ಮುಚ್ಚಿಲ್ಲ. ಸಂಬಂಧ ಕುದುರಿಸಿದವರ ಬಾಗಿಲು ಮುಚ್ಚುವುದು ಹೇಗೆ?