ಕೋಡಿ ನೀರು ಹೋಗುವ ದಾರಿ

ಸಂಘಮಿತ್ರಾ ಹಾಲುಕೆರೆ ಪಂಚಾಯಿತಿಗೆ ಅಭಿವೃದ್ಧಿ ಅಧಿಕಾರಿಯಾಗಿ ಬಂದ ಮೇಲೆ ಕೇಳಿದ ದೂರುಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವು. ನಲ್ಲಿಯಲ್ಲಿ ನೀರಿಲ್ಲ, ಬೋರ್‌ವೆಲ್ ಬತ್ತಿದೆ, ಟ್ಯಾಂಕರ್ ಬಂದಿಲ್ಲ. ಅಜ್ಜಂಪುರದ ಬಯಲು ಸೀಮೆಯಲ್ಲಿ ಅದು ಸಹಜವೇ. ನೀರು ಹೆಚ್ಚಾಯಿತೆಂದು ದೂರು ಹೇಳಲು ಕಚೇರಿಯ ಮೆಟ್ಟಿಲು ಹತ್ತಿದವರು ಜವರಮ್ಮ ಒಬ್ಬರೇ. ಅವರ ಮನೆ ಕೆರೆಯ ಕೆಳಗಿನ ಕಾಲೋನಿಯಲ್ಲಿ, ಹಳ್ಳದ ದಂಡೆಗೇ ಇತ್ತು.

"ಹೋದ್ ವರ್ಸ ಕೆರೆ ನೀರು ನಮ್ಮನೆ ಒಲೆ ನುಂಗ್ತು ಕಣವ್ವಾ. ಈ ವರ್ಸ ನಿನ್ನ ಆಫೀಸ್‌ಗೇ ಬಂದು ಅಡುಗೆ ಮಾಡ್ತೀನಿ, ಒಂದು ಮೂಲೆ ಖಾಲಿ ಮಾಡಿಟ್ಟಿರು."

ಸಂಘಮಿತ್ರಾ ನಕ್ಕಳು. ಜವರಮ್ಮ ನಗಲಿಲ್ಲ.

ಸಂಘಮಿತ್ರಾ ಬೀರೂರಿನವಳು, ದಿನಾ ಅಲ್ಲಿಂದಲೇ ರೈಲಿನಲ್ಲಿ ಬಂದುಹೋಗುತ್ತಿದ್ದಳು. ತಂದೆ ಉಗ್ರಪ್ಪ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸದಲ್ಲಿದ್ದವರು. ಮಳೆ ಹೊಯ್ದಾಗಲೆಲ್ಲ ಹಳಿಯ ಉದ್ದಕ್ಕೂ ನಡೆದು, ಜಲ್ಲಿಯ ಕೆಳಗೆ ಮಣ್ಣು ಎಲ್ಲಿ ಕೊರೆದಿದೆಯೆಂದು ನೋಡಿ ಬರುತ್ತಿದ್ದರು. ಆ ಮನೆಯಲ್ಲಿ ಪದವಿ ಮುಗಿಸಿದ ಮೊದಲಿಗಳು ಇವಳೇ. ತರಬೇತಿಯಲ್ಲಿ ನೆರೆಯ ಅಪಾಯದ ಬಗ್ಗೆ ಒಂದು ದಿನದ ಪಾಠವೂ ಇತ್ತು. ಅದರಲ್ಲಿ ತೋರಿಸಿದ್ದೆಲ್ಲ ದೊಡ್ಡ ನದಿಗಳ ಚಿತ್ರ. ಹಾಲುಕೆರೆಯಂಥ ಒಣ ಊರು ಆ ಪಾಠದಲ್ಲಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಕೆರೆ ಏರಿ ಹತ್ತಿದಳು. ಕೆರೆ ತುಂಬಿತ್ತು. ತುಂಬಿದ ಮೇಲೆ ಹೆಚ್ಚಿನ ನೀರು ಹೊರಬೀಳಲೆಂದು ಹಿಂದಿನವರು ಕಲ್ಲಿನಲ್ಲಿ ಕಟ್ಟಿದ ತಗ್ಗೇ ಕೋಡಿ. ಆ ಕೋಡಿಯ ಮೇಲೆ ಉದ್ದಕ್ಕೂ ಮರಳಿನ ಮೂಟೆ ಜೋಡಿಸಿದ್ದರು. ಇನ್ನೊಂದು ಅಡಿ ನೀರು ನಿಲ್ಲಲಿ ಎಂದು. ಅಷ್ಟು ನೀರು ನಿಂತರೆ ಸುತ್ತಲಿನ ತೆಂಗಿನ ತೋಟಗಳ ಬೋರ್‌ವೆಲ್‌ಗೆ ಬೇಸಿಗೆಯವರೆಗೂ ಜೀವ. ಆದರೆ ಏರಿಯ ಹಿಂಬದಿಯಲ್ಲಿ ಒಂದು ಕಡೆ ಮಣ್ಣು ಒದ್ದೆಯಾಗಿ ಜಿನುಗುತ್ತಿತ್ತು. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಿದೆ, ವಾರದೊಳಗೆ ಭಾರಿ ಮಳೆ ಎಂಬ ಸೂಚನೆ ಮೊಬೈಲಿಗೆ ಬಂದಿತ್ತು. ಅಷ್ಟರಲ್ಲಿ ಮೂಟೆ ಇಳಿಯದಿದ್ದರೆ ಏರಿಯೇ ಹೋಗಬಹುದು. ಹೋದರೆ ಕಾಲೋನಿ ಉಳಿಯುವುದಿಲ್ಲ.

ಸಂಜೆ ಪಂಚಾಯಿತಿ ಕಟ್ಟೆಯಲ್ಲಿ ಸಭೆ ಕರೆದಳು. ಕೆರೆ ಸಂಘದ ಹಿರಿಯರು ನಂಜುಂಡಪ್ಪ. ಕೋಡಿ ಹಳ್ಳದ ಮಗ್ಗುಲಲ್ಲೇ ಅವರ ತೋಟ.

"ಮೇಡಮ್ಮೋರೆ, ಬರಗಾಲದ ಊರಿಗೆ ನೆರೆ ಪಾಠ ಹೇಳೋಕೆ ಬಂದ್ರಾ?" ಎಂದರು. ಕಟ್ಟೆಯೆಲ್ಲ ನಕ್ಕಿತು. "ಹೋದ್ ವರ್ಸಾನೂ ತಾಲ್ಲೂಕಿಂದ ಆರ್ಡರ್ ತಂದು ಮೂಟೆ ತೆಗ್ಸಿದ್ರು. ಜೀಪು ಊರು ದಾಟೋದ್ರೊಳಗೆ ಮೂಟೆ ವಾಪಸ್ ಬಂದಿದ್ವು. ನೀವೂ ತೆಗ್ಸಿ, ಬ್ಯಾಡ ಅನ್ನಲ್ಲ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಪೊಲೀಸರನ್ನು ಕರೆಸಿ ಮೂಟೆ ಇಳಿಸಬಹುದಿತ್ತು. ಆದರೆ ಮಳೆ ಬರುವವರೆಗೂ ಕೋಡಿಯ ಮೇಲೆ ಕಾವಲು ಕೂರಲು ಯಾರಿದ್ದಾರೆ?

ಸಭೆ ಮುಗಿದು ಹೊರಡುವಾಗ ನಂಜುಂಡಪ್ಪನ ಹೆಂಡತಿ ಸುಲೋಚನಮ್ಮ ಎದುರಾದರು. "ನಾಳೆ ಗಂಗಮ್ಮನಿಗೆ ಬಾಗಿನ ಬಿಡ್ತೀವಿ ಮೇಡಂ. ನೀವು ಪೂಜೆಗೀಜೆ ಮಾಡೋರಲ್ಲ ಅಂತ ಗೊತ್ತು. ಆದ್ರೂ ಬನ್ನಿ, ಊರಿನ ಹೆಣ್ಣುಮಗಳಿದ್ದಂಗೆ."

ಬೀರೂರಿನ ರೈಲಿನಲ್ಲಿ ಕೂತಾಗಲೂ ಆ ಮಾತು ಅವಳ ತಲೆಯಲ್ಲೇ ಸುತ್ತುತ್ತಿತ್ತು. ಕೆರೆ ತುಂಬಿದರೆ ಮೊರದಲ್ಲಿ ಸೀರೆ, ಬಳೆ, ಅರಿಸಿನ, ಕುಂಕುಮ ಇಟ್ಟು ತವರಿನ ಮಗಳಿಗೆ ಕೊಡುವಂತೆ ನೀರಿಗೆ ಕೊಡುವುದು ಅಲ್ಲಿನ ರೂಢಿ. ಕೊಟ್ಟು ಎಲ್ಲರೂ ಏರಿಯಿಂದಲೇ ಮನೆಗೆ ತಿರುಗುತ್ತಾರೆ.

ಮರುದಿನ ಬಾಗಿನ ಮುಗಿಯಿತು. ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಿದ್ದಾಗ ಸಂಘಮಿತ್ರಾ ಕೇಳಿದಳು: "ಅಮ್ಮಾ, ಮಗಳಿಗೆ ಬಾಗಿನ ಕೊಟ್ಟು ಬಾಗಿಲಲ್ಲೇ ಬಿಟ್ಟುಬಿಡ್ತೀರಾ? ಊರಾಚೆವರೆಗೆ ಕಳಿಸಿಕೊಡಲ್ವಾ?"

ಸುಲೋಚನಮ್ಮ ಹುಬ್ಬೇರಿಸಿದರು. "ಕಳಿಸ್ದೇ ಇರ್ತೀವಾ? ನಡೀರೇ ಎಲ್ರೂ."

ಹೀಗೆ ಅವರು ಹಳ್ಳದ ಗುಂಟ ಇಳಿದರು. ಕೋಡಿಯ ಬುಡದಲ್ಲಿ ಎರಡು ಎತ್ತಿನಗಾಡಿ ಜೊತೆಯಾಗಿ ಹೋಗುವಷ್ಟು ಅಗಲವಿದ್ದ ಹಳ್ಳ ನಂಜುಂಡಪ್ಪನ ತೋಟದ ಹತ್ತಿರ ಒಂದು ಚರಂಡಿಯಷ್ಟಾಗಿತ್ತು. ಬೇಲಿ ಹಳ್ಳದೊಳಕ್ಕೇ ಸರಿದಿತ್ತು. ಉಳಿದ ಜಾಗದಲ್ಲಿ ತೆಂಗಿನ ಗರಿ, ಸಿಪ್ಪೆ, ಕೊಳೆತ ಮಟ್ಟೆಗಳ ರಾಶಿ. ಸುಲೋಚನಮ್ಮ ಸೀರೆ ಎತ್ತಿ ಹಿಡಿದು ರಾಶಿ ದಾಟುವಾಗ ಕಾಲು ಸಿಕ್ಕಿ ಮುಗ್ಗರಿಸಿದರು. ಸಿಪ್ಪೆ ಯಾರ ತೋಟದ್ದೆಂದು ಎಲ್ಲರಿಗೂ ಗೊತ್ತಿತ್ತು.

ಹಳ್ಳ ಮುಂದೆ ಹೋಗಿ ಕಾಲೋನಿ ರಸ್ತೆಯ ಮೋರಿಗೆ ಬಡಿಯುತ್ತಿತ್ತು. ಜವರಮ್ಮ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತಿದ್ದರು.

"ಬನ್ನಿ ಬನ್ನಿ. ನಿಮ್ಮ ಗಂಗಮ್ಮ ಹೇಳ್ದೆ ಕೇಳ್ದೆ ನುಗ್ತಾಳೆ. ನೀವಾದ್ರೂ ಹಗಲೊತ್ತಲ್ಲಿ ಬಂದ್ರಲ್ಲ."

"ಕಳಿಸಿಕೊಡೋಕೆ ಬಂದ್ವಿ ಕಣೇ ಜವರಿ," ಎಂದರು ಸುಲೋಚನಮ್ಮ.

"ಎಲ್ಲಿಗೆ? ನಮ್ಮ ಅಡುಗೆಮನೆಗಾ?"

ಒಳಗಿನ ಗೋಡೆಯಲ್ಲಿ ಸೊಂಟದ ಎತ್ತರಕ್ಕೆ ಕೆಸರಿನ ಗೆರೆ ಹಾಗೇ ಇತ್ತು. ಸುಣ್ಣ ಬಳಿದರೂ ಮತ್ತೆ ಎದ್ದಿತ್ತು. ರಾಗಿ ಚೀಲಗಳು ಅಟ್ಟದ ಮೇಲಿದ್ದವು. ಸುಲೋಚನಮ್ಮ ಆ ಗೆರೆಯನ್ನು ಬೆರಳಿಂದ ಮುಟ್ಟಿ ನೋಡಿದರು. ಜವರಮ್ಮ ಕೊಟ್ಟ ನೀರು ಕುಡಿದರು. ಆ ಮನೆಯಲ್ಲಿ ಅವರು ನೀರು ಕುಡಿದದ್ದು ಅದೇ ಮೊದಲೆಂದು ಸಂಘಮಿತ್ರಾಗೆ ಆಮೇಲೆ ಗೊತ್ತಾಯಿತು.

ಮಧ್ಯಾಹ್ನ ನಂಜುಂಡಪ್ಪನ ಜಗಲಿಯಲ್ಲಿ, ಸಂಘಮಿತ್ರಾಳ ಎದುರೇ, ಗಂಡ ಹೆಂಡತಿಯ ಜಗಳವೇ ನಡೆಯಿತು.

"ರೀ, ಮಗಳಿಗೆ ಸೀರೆ ಉಡ್ಸಿ ದಾರೀಲಿ ಮಟ್ಟೆ ಸುರ್ದೋರು ನೀವೇ ಕಣ್ರೀ. ಅವಳು ಇನ್ನೊಬ್ರ ಮನೆ ನುಗ್ದೆ ಏನ್ ಮಾಡ್ತಾಳೆ?"

"ಲೇ, ಸುಮ್ನಿರೇ. ಆ ಒಂದಡಿ ನೀರು ಬಿಟ್ರೆ ಬೇಸಿಗೇಲಿ ಮರಕ್ಕೆ ನಿನ್ನ ಕಣ್ಣೀರು ಹಾಕ್ತೀಯಾ?"

ಈ ಪ್ರಶ್ನೆಗೆ ಉತ್ತರವಿಲ್ಲದೆ ಮೂಟೆ ಇಳಿಯುವುದಿಲ್ಲವೆಂದು ಸಂಘಮಿತ್ರಾಗೆ ಅರ್ಥವಾಗಿತ್ತು. "ಒಂದಡಿ ನಿಮಗೆ ಬೇಕೇ ಬೇಕು, ಒಪ್ಪಿದೆ. ಅದನ್ನ ಮೇಲೆ ಯಾಕೆ ಹುಡುಕ್ತೀರಾ? ಕೆರೆ ಅಂಗಳದಲ್ಲಿ ಹೂಳು ತುಂಬಿದೆ. ನೀರಿಳಿದ ಮೇಲೆ ಉದ್ಯೋಗ ಖಾತ್ರಿಯಲ್ಲಿ ತೆಗೆಸೋಣ. ಮಣ್ಣು ನಿಮ್ಮ ತೋಟಕ್ಕೇ ಹೊಡ್ಕೊಳ್ಳಿ. ಈಗ ಏರಿ ಹಿಂದೆ ಬಂದು ಒಂದ್ಸಲ ನೋಡಿ. ಅದು ಕೊಚ್ಚಿಹೋದ್ರೆ ಒಂದಡಿ ಅಲ್ಲ, ಕೆರೇನೇ ಇರಲ್ಲ."

"ಬಾಯಿಮಾತೋ, ಕೆಲಸವೋ?"

"ಗ್ರಾಮಸಭೇಲಿ ನೀವೇ ವಿಷಯ ಎತ್ತಿ. ಮಾಡದಿದ್ರೆ ನಿಮ್ಮ ಕಟ್ಟೆ ಮೇಲೆ ನನ್ನ ಮಾನ ಕಳೀರಿ."

ನಂಜುಂಡಪ್ಪ ಚಪ್ಪಲಿ ಮೆಟ್ಟಿ ಏರಿಯ ಕಡೆ ಹೊರಟರು. ಜಿನುಗುವ ಜಾಗದಲ್ಲಿ ಕೂತು ಮಣ್ಣು ಮುಟ್ಟಿದರು. ಹಿಡಿ ಮಣ್ಣು ಕೈಗೆ ಕೆಸರಾಗಿ ಬಂತು. ಅವರ ಮುಖದ ಗತ್ತು ಇಳಿಯಿತು. ಅವತ್ತೇ ಅವರ ಆಳುಗಳೂ ಕಾಲೋನಿಯವರೂ ಸೇರಿ ಮೂಟೆಗಳನ್ನು ಕೋಡಿಯಿಂದ ಹೊತ್ತು ತಂದು ಜಿನುಗುವ ಕಡೆಗೆ ಒತ್ತಾಗಿ ಜೋಡಿಸಿದರು. ಪಂಚಾಯಿತಿಯ ಜೆಸಿಬಿ ಹಳ್ಳದ ಮಟ್ಟೆ ಎತ್ತಿತು. ಬೇಲಿ ಹಿಂದಕ್ಕೆ ಸರಿಯಿತು, ಪೂರ್ತಿ ಅಲ್ಲ, ಅರ್ಧ. "ಮಿಕ್ಕಿದ್ದು ಸರ್ವೆ ಆಗ್ಲಿ, ಆಮೇಲೆ ನೋಡೋಣ," ಎಂದು ನಂಜುಂಡಪ್ಪ ಗೊಣಗಿದರು. ಸಂಘಮಿತ್ರಾ ಹೆಚ್ಚು ಎಳೆಯಲಿಲ್ಲ.

ಎರಡು ದಿನ ಬಿಟ್ಟು ಮಳೆ ಬೆಳಗಿನ ಜಾವ ಹಿಡಿಯಿತು. ಬೀರೂರಿನಲ್ಲಿ ರೈಲು ತಡವಾಯಿತು. ಪ್ಲಾಟ್‌ಫಾರಂನಲ್ಲಿ ನಿಂತು ಅವಳು ಗಾಬರಿಯಿಂದ ಜವರಮ್ಮನಿಗೆ ಫೋನ್ ಮಾಡಿದಳು.

"ಜವರಮ್ಮೋರೆ, ಕೋಡಿ ಜೋರಾಗಿ ಬೀಳ್ಬಹುದು. ಸಾಮಾನು ಮೇಲಕ್ಕೆ ಇಟ್ಟು, ಎಲ್ಲರನ್ನೂ ಕರ್ಕೊಂಡು ಸ್ಕೂಲಿಗೆ..."

"ನಾವು ಸ್ಕೂಲಲ್ಲೇ ಕೂತು ಕಾಫಿ ಕುಡೀತಿದೀವಿ ಕಣವ್ವಾ," ಆ ಕಡೆಯಿಂದ ನಗು ಕೇಳಿಸಿತು. "ನಂಜುಂಡಪ್ನೋರು ಬೆಳಕಾಗೋ ಮುಂಚೇನೇ ಕೊಡೆ ಹಿಡ್ಕಂಡು ಏರಿ ಮೇಲೆ ನಿಂತವ್ರೆ. ಆಗಿಂದ ಮೂರ್ ಸಲ ಫೋನ್ ಮಾಡಿದ್ರು. ನೀರು ಹಳ್ಳದಾಗೇ ಹೋಗ್ತೈತೆ. ಮೋರಿ ಹತ್ರ ಮಾತ್ರ ಕಟ್ಕಂಡು ಎರಡು ಮನೆ ಹೊಸ್ಲು ಮುಟ್ಟೈತೆ, ಒಳಕ್ಕೆ ಬಂದಿಲ್ಲ. ಆ ಮೋರಿ ದೊಡ್ಡದು ಮಾಡ್ಸೋದು ನಿನ್ನ ಕೆಲಸ. ನಿಧಾನವಾಗಿ ಬಾ, ಒಲೆ ಹತ್ತಿಸ್ತೀನಿ, ಊಟ ಮಾಡ್ಕಂಡೇ ಹೋಗುವಂತೆ."